ಊರಿಗೆ ಬಂದ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯ ಇರುವುದು ಯಾರಿಗಾಗಿ? ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗಾಗಿ ಮಾತ್ರ ಎನ್ನುವುದಾದರೆ, ಕಾಲೇಜಿನ ಮೆಟ್ಟಿಲು ಹತ್ತದ, ಆದರೂ ಕಂದಾಯ ಕಟ್ಟಿ ಅದನ್ನು ಸಾಕುವ ರೈತನಿಗೆ ಸಿಕ್ಕಿದ್ದೇನು? ಈ ಪ್ರಶ್ನೆಗೆ ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಒಂದು ಉತ್ತರವಿದೆ.

ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ, ಪರೀಕ್ಷೆಗಳ ತೀರ್ಮಾನವೆಲ್ಲ ಅಲ್ಲಿಯದೇ. 1916ರ ಜುಲೈನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯ ಬಂತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿಗೂ ಮೊದಲ ಅಧ್ಯಕ್ಷರು.

ಆದರೂ ತರಗತಿಯ ಭಾಷೆ ಇಂಗ್ಲಿಷೇ ಆಗಿತ್ತು. ಅಲ್ಲಿ ಕಲಿತದ್ದು ಊರಿಗೆ ತಲುಪಬೇಕಾದರೆ ಕನ್ನಡದ ದಾರಿ ಬೇಕಿತ್ತು. ಆ ದಾರಿ ಹಾಕಿದವರು ಅಧ್ಯಾಪಕರು. ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡನೆ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಆರಂಭಿಸಿದರು.

ಮುಂದೆ ವಿಶ್ವವಿದ್ಯಾನಿಲಯವೇ ಪ್ರಚಾರೋಪನ್ಯಾಸಗಳ ಹೊಣೆ ಹೊತ್ತಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯಗಳನ್ನು ಕುರಿತು ಕನ್ನಡದಲ್ಲಿ ಮಾತನಾಡಿದರು. ಅಕ್ಷರ ಬಾರದವರಿಗೂ ಕೇಳಲು ಕಿವಿಯಿತ್ತು. ಓದಬಲ್ಲವರಿಗೆ ಅವೇ ಉಪನ್ಯಾಸಗಳು ಪ್ರಚಾರ ಪುಸ್ತಕಮಾಲೆಯ ಪುಟ್ಟ ಹೊತ್ತಗೆಗಳಾಗಿ ಕಡಿಮೆ ಬೆಲೆಗೆ ದೊರೆತವು. ಹೊಸ ವಿಷಯಗಳಿಗೆ ಕನ್ನಡದ ಮಾತು ಹುಡುಕುವ ಕೆಲಸವೂ ನಡೆದು, 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂತು. ಮುಂದೆ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನೂ ಇದೇ ವಿಶ್ವವಿದ್ಯಾನಿಲಯ ಸಿದ್ಧಪಡಿಸಿತು.

ಒಂದು ಸಂಜೆಯ ಭಾಷಣದಿಂದ ಊರಿನ ಬಡತನ ನೀಗಲಿಲ್ಲ. ಮಾತು ಮುಟ್ಟದ ಊರುಗಳೂ ಬಹಳವಿದ್ದವು. ಆದರೆ ಒಂದು ತತ್ತ್ವ ಅಲ್ಲಿ ಬೇರೂರಿತು: ಜನರ ಹಣದಿಂದ ಬೆಳೆದ ವಿದ್ಯೆ ಜನರ ನುಡಿಯಲ್ಲೇ ಅವರಿಗೆ ಮರಳಬೇಕು.

ಇಂದು ಅಧ್ಯಾಪಕರ ಬಡ್ತಿಗೆ ಸಂಶೋಧನಾ ಲೇಖನಗಳ ಲೆಕ್ಕ ಬೇಕು. ಊರಿನವರಿಗೆ ತಿಳಿಯುವಂತೆ ಬರೆದ ಪುಸ್ತಕಕ್ಕೆ ಆ ಲೆಕ್ಕದಲ್ಲಿ ಎಷ್ಟು ಜಾಗವಿದೆ? ಪದವಿ ಪಡೆದವರೆಷ್ಟು ಎಂದು ಕೇಳುವಾಗಲೆಲ್ಲ, ಪದವಿ ಪಡೆಯದವರಿಗೆ ಏನು ತಲುಪಿತು ಎಂದೂ ಕೇಳುವುದು ಆ ಹಳೆಯ ರೈತನಿಗೆ ಸಲ್ಲಬೇಕಾದ ನ್ಯಾಯ.