ವೀರಗಲ್ಲು

ಮುಂಬೈಯ ಬೋರಿವಲಿ ಪಶ್ಚಿಮದ ಎಕ್ಸರ್‌ನಲ್ಲಿ, ವಸತಿ ಕಟ್ಟಡಗಳ ನಡುವೆ, ಶಿಲಾಹಾರರ ಕಾಲದ ಎತ್ತರದ ಕಲ್ಲುಗಳಿವೆ. ಕೆಲವುಗಳಲ್ಲಿ ಸಾಲು ಹುಟ್ಟುಗಳ ಹಡಗುಗಳು, ಕಡಲ ಕಾಳಗ. ಮರಾಠಿಯಲ್ಲಿ ಇವು ‘ವೀರಗಳ’. ಆ ‘ಗಳ’ ನಮ್ಮ ‘ಕಲ್’! ‘ವೀರ’ದ ಜೊತೆ ‘ಕಲ್ಲು’ ಸೇರಿದಾಗ ಆದೇಶಸಂಧಿಯಿಂದ ಕಕಾರ ಗಕಾರವಾಯಿತು. ಗಡಿ ದಾಟಿದ ಮೇಲೂ ಆ ಗಕಾರ ಹಾಗೇ ಉಳಿದಿದೆ. ಈ ಊರಲ್ಲಿ ಬದುಕುವ ಕನ್ನಡತಿಯಾಗಿ ಅದನ್ನು ಕೇಳಿದಾಗಲೆಲ್ಲ ಮನಸ್ಸು ತುಂಬುತ್ತದೆ.

ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ: ವೀರಗಲ್ಲುಗಳ ಕೆತ್ತನೆಯ ರೂಢಿ ಇದು.

ಆದರೆ ನನಗೆ ಇನ್ನೂ ಹತ್ತಿರದ ಪದ ‘ನೆತ್ತರುಗೊಡಗೆ’. ಹೋರಾಡಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ಅದು. ಕತ್ತಿ ತೊಳೆದು ಕೊಡುತ್ತಿದ್ದ ದತ್ತಿಗೆ ‘ಬಾಳ್ಗಚ್ಚು’ ಎಂಬ ಹೆಸರೂ ಶಾಸನಗಳಲ್ಲಿದೆ. ಕಲ್ಲು ಸತ್ತವನಿಗೆ, ಹೊಲ ಉಳಿದವರಿಗೆ.

ಉಳಿದವರನ್ನು ನೆನೆಯುವ ರೂಢಿ ಇಂದಿಗೂ ಇದೆ: ಭಾರತದಲ್ಲಿ 1949ರಿಂದ ಪ್ರತಿ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಅಂಗಿಗೆ ಚುಚ್ಚಿಕೊಳ್ಳುವ ಪುಟ್ಟ ಬಾವುಟದ ಹಣ ಗಾಯಗೊಂಡ ಯೋಧರಿಗೆ, ಮಡಿದವರ ಕುಟುಂಬಗಳಿಗೆ ಸಲ್ಲುತ್ತದೆ. ಅದನ್ನು ಕೊಳ್ಳುವಾಗ ನನ್ನ ನಾಲಗೆಗೆ ಬರುವುದು ‘ನೆತ್ತರುಗೊಡಗೆ’ ಎಂಬ ಹಳೆಯ ಪದವೇ.