ಆರೈಕೆ: ನೋಟದಲ್ಲಿ ಹುಟ್ಟಿದ ಪದ

ಮಗು ಬೇಕೆಂದು ಸೀತಮ್ಮನನ್ನು ಬೇಡಿಕೊಳ್ಳಲು ಆವನಿ ಬೆಟ್ಟ ಹತ್ತುವ ಹೆಂಗಸರು ಇಂದಿಗೂ ಇದ್ದಾರೆ. ಮುಳಬಾಗಿಲು ತಾಲ್ಲೂಕಿನ ಈ ಬೆಟ್ಟದಲ್ಲೇ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಸ್ಥಳದ ನಂಬಿಕೆ. ಗಂಡನ ಮನೆ ಕೈಬಿಟ್ಟ ಬಾಣಂತಿ ಸೀತೆಗೆ ಆಶ್ರಮದವರು ಮಾಡಿದ ಉಪಕಾರಕ್ಕೆ ಕನ್ನಡದಲ್ಲಿರುವ ಹೆಸರು ‘ಆರೈಕೆ’.

ಇದು ಅಚ್ಚ ದ್ರಾವಿಡ ಪದ. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ಪರೀಕ್ಷಿಸಿ ನೋಡು ಎಂಬ ಅರ್ಥಗಳಿವೆ. ಸಲಹು, ಪೋಷಿಸು ಎಂಬ ಅರ್ಥವೂ ಇದೆ. ಆವನಿಯ ಸುತ್ತಮುತ್ತ ಕನ್ನಡದ ಜೊತೆಗೇ ಕೇಳಿಬರುವ ತೆಲುಗಿನಲ್ಲಿ ‘ಆರಯು’ ಎಂದರೆ ಅರಸು, ವಿಚಾರಿಸು. ಗಡಿಯಾಚೆಯ ತಮಿಳಿನಲ್ಲಿ ‘ಆರಾಯ್’ ಎಂದರೆ ಶೋಧಿಸು. ಅದರಿಂದಲೇ ಬಂದ ‘ಆರಾಯ್ಚಿ’ ಇಂದು ಸಂಶೋಧನೆಗೆ ಸಲ್ಲುವ ಮಾತು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಇವನ್ನೆಲ್ಲ ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ವಿದ್ವಾಂಸನ ಶೋಧನೆಯೂ ಬಾಣಂತಿಯ ಆರೈಕೆಯೂ ಒಡಹುಟ್ಟಿದವು!

ಇದು ಆಕಸ್ಮಿಕವಲ್ಲ. ‘ನೋಡು’ ಎಂಬುದಕ್ಕೆ ‘ಕೊಳ್ಳು’ ಸೇರಿದರೆ ‘ನೋಡಿಕೊಳ್ಳು’. ಸಂಸ್ಕೃತದಿಂದ ಬಂದ ‘ವಿಚಾರ’ವೂ ನಮ್ಮ ಬಾಯಲ್ಲಿ ಇದೇ ಜಾಡು ಹಿಡಿಯಿತು: “ಮನೆಗೆ ಹೋದರೆ ಚೆನ್ನಾಗಿ ವಿಚಾರಿಸಿಕೊಂಡರು” ಎನ್ನುತ್ತೇವೆ. ಕಂಡದ್ದನ್ನು ತನ್ನ ಹೊಣೆಯಾಗಿ ತೆಗೆದುಕೊಂಡಾಗ ನೋಟವು ಆರೈಕೆಯಾಗುತ್ತದೆ ಎಂಬ ತಿಳಿವಳಿಕೆ ಕನ್ನಡದಲ್ಲಿ ಮತ್ತೆ ಮತ್ತೆ ಮೂಡಿದೆ.

ಈ ತಿಳಿವಳಿಕೆಗೆ ಆವನಿಯ ಶಾಸನವೊಂದು ಸಾಕ್ಷಿ. ಹತ್ತನೆಯ ಶತಮಾನದಲ್ಲಿ ಇಲ್ಲಿನ ಧರ್ಮಸ್ಥಾನವನ್ನು 40 ವರ್ಷ ನಡೆಸಿದ ಶೈವ ಯತಿ ತ್ರಿಭುವನಕರ್ತಾರ 50 ಗುಡಿಗಳ ಜೊತೆಗೆ 2 ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅದು ಹೇಳುತ್ತದೆ. ವರ್ಷವಿಡೀ ಹರಿಯುವ ನದಿಯ ಆಸರೆಯಿಲ್ಲದ ಸೀಮೆಯಲ್ಲಿ ಜನಕ್ಕೆ ಏನು ಬೇಕೆಂದು ಆರಯ್ದವನು ಮಾಡುವ ಕೆಲಸವದು.

ನಮ್ಮ ಕಾಲದಲ್ಲಿ ಮಾನವಶಾಸ್ತ್ರಜ್ಞರು ಹಿಡಿದದ್ದೂ ಇದೇ ದಾರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 1980ರ ದಶಕದಲ್ಲಿ ದಕ್ಷಿಣ ಕನ್ನಡಕ್ಕೂ ಬಂತು. ಅಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾರ್ಕ್ ನಿಕ್ಟರ್, ಉಣುಗಿನಿಂದ ಹರಡುವ ಆ ರೋಗವನ್ನು ಕಾಡಿನ ನಾಶದೊಂದಿಗೆ ಇಟ್ಟು ನೋಡಿದರು. ಊರಿನವರು ಅದನ್ನು ದೈವಗಳ ಮುನಿಸಾಗಿ ಕಂಡದ್ದನ್ನೂ ಗೌರವದಿಂದ ಕೇಳಿ 1987ರಲ್ಲಿ ಬರೆದರು. ಕಾಡಿಗೆ ಕೈಹಾಕಿದ್ದರ ಅಳಲು ಆ ಮಾತಿನಲ್ಲಿತ್ತು. ಕೇಳದೆ ಹೋಗಿದ್ದರೆ ಅದು ಬರೀ ಮೂಢನಂಬಿಕೆ ಎನಿಸಿಕೊಳ್ಳುತ್ತಿತ್ತು.

ಮಾತ್ರೆಯ ಚೀಟಿ ಬರೆಯುವುದು ಚಿಕಿತ್ಸೆ. ಅದು ಆರೈಕೆಯಾಗಬೇಕಾದರೆ ರೋಗಿಯ ಮುಖ ನೋಡಬೇಕು, ಮನೆಯಲ್ಲಿ ಯಾರಿದ್ದಾರೆ, ಯಾವ ದೇವರಿಗೆ ಹರಕೆ ಹೊತ್ತಿದ್ದಾರೆ ಎಂದು ಕೇಳಬೇಕು. ವೈದ್ಯರೂ ಆಶಾ ಕಾರ್ಯಕರ್ತೆಯರೂ ಮನೆಮಂದಿಯೂ ಈ ಪದದ ಮೂಲವನ್ನು ಮರೆಯದಿರಲಿ. ಮೊದಲು ಆರಯ್ಯೋಣ, ಆರೈಕೆ ಅಲ್ಲಿಂದಲೇ ಶುರುವಾಗುತ್ತದೆ.