ಅಟ್ಟದ ಮೇಲಿನ ರಕ್ಕಸ

ದೀಪಾವಳಿಗೆ ಮುನ್ನ ಅಟ್ಟ ಇಳಿಸಿ ಧೂಳು ಹೊಡೆಯುವ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿದೆ. ದಾವಣಗೆರೆಯ ಹಳೆಯ ಬಡಾವಣೆಗಳಲ್ಲಾಗಲಿ, ಪಕ್ಕದ ಹರಿಹರದಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರಾದವರ ಮನೆಗಳಲ್ಲಾಗಲಿ, ಹಿತ್ತಾಳೆ ಪಾತ್ರೆ, ಮುರಿದ ತೊಟ್ಟಿಲುಗಳ ನಡುವೆ ಎರಡು ವಸ್ತುಗಳು ಜೊತೆಯಾಗಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಒಂದು ಕೋರೆಹಲ್ಲಿನ ರಬ್ಬರ್ ಮುಖವಾಡ, ಇನ್ನೊಂದು ವಿಡಿಯೊ ಕ್ಯಾಸೆಟ್. ಮುಖವಾಡವನ್ನು ಮೊಮ್ಮಕ್ಕಳು ಎತ್ತಿಕೊಂಡು ಓಡುತ್ತಾರೆ. ಕ್ಯಾಸೆಟ್ಟನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಹಾಕಿ ನೋಡುವ ಯಂತ್ರ ಮನೆಯಲ್ಲಿಲ್ಲ. ಆದರೆ ಇವೆರಡೂ ಒಂದೇ ಕಥೆಯ ತುಂಡುಗಳಾಗಿರಬಹುದು. ಹವ್ಯಾಸಕ್ಕಾಗಿ ಸಿನಿಮಾ ಮಾಡಹೊರಟವರು ಎಲ್ಲ ದೇಶಗಳಲ್ಲೂ ಮೊದಲು ಕೈ ಹಾಕುವುದು ದೆವ್ವದ ಕಥೆಗೆ. ಅದಕ್ಕೆ ಕಾರಣ ಬಹುಮಟ್ಟಿಗೆ ಈ ಮುಖವಾಡವೇ.

ಹೆದರಿಸುವ ಮುಖ ನಮಗೇನೂ ಹೊಸದಲ್ಲ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಆ ಕಾಲದ ಗುಡಿಗಳಲ್ಲಿ ಕಣ್ಣು ಹೊರಚಾಚಿದ ಕೀರ್ತಿಮುಖ ಕಾಣುವುದು ಸಾಮಾನ್ಯ. ಇಂದಿಗೂ ಹೊಸ ಮನೆ ಕಟ್ಟುವವರು ಗೋಡೆ ಏಳುವ ಮೊದಲೇ ನಾಲಗೆ ಚಾಚಿದ ರಕ್ಕಸನನ್ನು ತೂಗುಹಾಕುತ್ತಾರೆ. ಲಾರಿಗಳ ಹಿಂಬದಿಯಲ್ಲೂ ಅವನೇ. ಈ ರಕ್ಕಸ ನಮ್ಮ ಕಾವಲುಗಾರ. ಅವನ ಮುಖ ಹೊರಗಿನವರತ್ತ ತಿರುಗಿದೆ. ದೊಡ್ಡಾಟದ ರಕ್ಕಸನಿಗೆ ಕೆಂಪು ಕಪ್ಪು ಬಣ್ಣ, ದಪ್ಪ ಮೀಸೆ, ಭುಜಕೀರ್ತಿ ಇದ್ದರೆ ಸಾಕು. ಅಬ್ಬರದಿಂದ ರಂಗಕ್ಕೆ ಬಂದರೂ ಕೊನೆಗೆ ಅವನು ಸೋಲುವನೆಂದು ಮಗುವಿಗೂ ಗೊತ್ತು. ಸಿನಿಮಾದ ಮುಖವಾಡ ಮಾತ್ರ ಬೇರೆ ಜಾತಿಯದು. ಅದು ಮನೆಯೊಳಗೇ ಬರುತ್ತದೆ, ಮಾತನಾಡುವುದಿಲ್ಲ, ಏಕೆ ಬಂತೆಂದು ಹೇಳುವುದಿಲ್ಲ.

ದಾವಣಗೆರೆಗೆ ವೇಷದ ನಂಟು ಹಳೆಯದು. ಚಿಂದೋಡಿ ವೀರಪ್ಪನವರು 1928ರಲ್ಲಿ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಅವರ ಮಗಳು ಚಿಂದೋಡಿ ಲೀಲಾ ಅದೇ ರಂಗದಲ್ಲಿ ಬೆಳೆದು 1988ರಲ್ಲಿ ಪದ್ಮಶ್ರೀ ಪಡೆದರು. 1995ರ ಹೊತ್ತಿಗೆ ಆ ಕುಟುಂಬ ಪಂಚಾಕ್ಷರಿ ಗವಾಯಿಗಳ ಬದುಕನ್ನು ಚಲನಚಿತ್ರವಾಗಿಸಿದಾಗ ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ನಾಟಕದ ಡೇರೆಯಿಂದ ಸಿನಿಮಾ ತೆರೆಗೆ ಹೋಗಲು ಅಷ್ಟು ದೊಡ್ಡ ಕುಟುಂಬ, ಅಷ್ಟು ವರ್ಷದ ಅನುಭವ ಬೇಕಾಯಿತು. ಸಾಮಾನ್ಯರ ಪಾಡೇನು?

ನಮ್ಮ ದೇಶದ ಚಿತ್ರೀಕರಣ ಶುರುವಾದದ್ದೇ ಹವ್ಯಾಸಿಗಳಿಂದ. 1899ರಲ್ಲಿ ಮುಂಬಯಿಯ ಛಾಯಾಗ್ರಾಹಕ ಭಾಟವಡೇಕರ್ ತರಿಸಿಕೊಂಡ ಕ್ಯಾಮೆರಾದಿಂದ ಒಂದು ಕುಸ್ತಿಯನ್ನು ಸೆರೆಹಿಡಿದರು. ಕನ್ನಡದಲ್ಲಿ ಆ ಹುಚ್ಚು ಹಿಡಿದವರು ಶಿವರಾಮ ಕಾರಂತರು. ಏನನ್ನಾದರೂ ಸ್ವತಃ ಮಾಡಿ ನೋಡದೆ ಬಿಡದ ಅವರು 1930ರ ಸುಮಾರಿಗೆ ‘ಡೊಮಿಂಗೊ’ ಮತ್ತು ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳನ್ನು ತೆಗೆದರು. ಎರಡನೆಯದರ ಹೆಸರನ್ನು ಗಮನಿಸಿ. ಇಂದಿನ ಓದುಗರಿಗೆ ಆ ಚಿತ್ರಗಳ ಹೆಸರಷ್ಟೇ ಪರಿಚಯ. ಭಾರತದಲ್ಲಿ ತಯಾರಾದ ಸಾವಿರದ ಮುನ್ನೂರರಷ್ಟು ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಸುಮಾರು 30, ಅವುಗಳಲ್ಲೂ ಕೆಲವು ಬರಿಯ ತುಣುಕು.

ಮನೆಮಂದಿಯ ಕೈಗೆ ಎಟುಕುವ ಕ್ಯಾಮೆರಾವನ್ನು ಕೊಡಾಕ್ ಕಂಪನಿ ಹಂತಹಂತವಾಗಿ ತಂದಿತು: 1923ರಲ್ಲಿ 16 ಮಿಲಿಮೀಟರ್, 1932ರಲ್ಲಿ 8 ಮಿಲಿಮೀಟರ್, 1965ರಲ್ಲಿ ಸೂಪರ್ 8. ಈ ಕೊನೆಯದರ 50 ಅಡಿಯ ಒಂದು ಸುರುಳಿ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ನಮ್ಮಂಥ ಊರುಗಳಲ್ಲಿ ಅದು ಶ್ರೀಮಂತರ ಆಟಿಕೆಯಷ್ಟೇ. ನಿಜವಾದ ಬದಲಾವಣೆ ತಂದದ್ದು ಮದುವೆ ವಿಡಿಯೊ. 1980ರ ದಶಕ ಮುಗಿಯುವ ಹೊತ್ತಿಗೆ ಸಣ್ಣ ಊರುಗಳ ಫೋಟೊ ಸ್ಟುಡಿಯೊಗಳಿಗೂ ಹೆಗಲ ಮೇಲೆ ಹೊರುವ ವಿಡಿಯೊ ಕ್ಯಾಮೆರಾ ಬಂತು. ಕ್ಯಾಸೆಟ್ಟಿನಲ್ಲಿ ಅಳಿಸಿ ಮತ್ತೆ ತೆಗೆಯಬಹುದು. ಆಷಾಢ ಬಂತೆಂದರೆ ಮದುವೆಗಳಿಲ್ಲ, ಕ್ಯಾಮೆರಾಕ್ಕೆ ಬಿಡುವು. ಸ್ಟುಡಿಯೊದವರ ಸ್ನೇಹವಿದ್ದವರಿಗೆ ಅದೇ ಸುಗ್ಗಿ.

ಹಾಗೆ ಸಿಕ್ಕ ಕ್ಯಾಮೆರಾದಲ್ಲಿ ಪೌರಾಣಿಕ ಕಥೆ ತೆಗೆಯೋಣವೆಂದರೆ ಕಿರೀಟ ಬೇಕು. ಸಾಮಾಜಿಕವೆಂದರೆ ನಟನೆ ಬರಬೇಕು. ದೆವ್ವದ ಕಥೆಗೆ ಎರಡೂ ಬೇಡ. ಕತ್ತಲೆ ಬಡತನವನ್ನು ಮುಚ್ಚುತ್ತದೆ. ಮುಖವಾಡ ಹಾಕಿದವನಿಗೆ ಅಭಿನಯ ಬಾರದಿದ್ದರೆ ಇನ್ನೂ ಒಳ್ಳೆಯದು, ಅಲುಗಾಡದ ಮುಖವೇ ಹೆಚ್ಚು ಹೆದರಿಸುತ್ತದೆ. ಸಂಭಾಷಣೆ ಇಲ್ಲವಾದ್ದರಿಂದ ಧ್ವನಿಮುದ್ರಣದ ತಾಪತ್ರಯವಿಲ್ಲ. ಒಬ್ಬನಿಗೆ ಪರೀಕ್ಷೆ ಬಂದರೆ ಮುಖವಾಡವನ್ನು ಇನ್ನೊಬ್ಬನಿಗೆ ತೊಡಿಸಬಹುದು, ನೋಡುವವರಿಗೆ ತಿಳಿಯದು.

ಈ ಗುಟ್ಟನ್ನು ಹಣವಾಗಿ ಪರಿವರ್ತಿಸಿದವರು ಮುಂಬಯಿಯ ರಾಮ್ಸೆ ಸೋದರರು. ದೇಶವಿಭಜನೆಯ ನಂತರ ಕರಾಚಿಯಿಂದ ಬಂದು ಮುಂಬಯಿಯಲ್ಲಿ ರೇಡಿಯೊ ಅಂಗಡಿ ನಡೆಸುತ್ತಿದ್ದ ಎಫ್.ಯು. ರಾಮ್ಸೆಯವರ ಏಳು ಗಂಡುಮಕ್ಕಳು ಇವರು. 1970ರಲ್ಲಿ ತಂದೆ ತೆಗೆದ ‘ಏಕ್ ನನ್ಹೀ ಮುನ್ನೀ ಲಡಕೀ ಥೀ’ ಸೋತುಹೋಯಿತು. ಆದರೆ ಚಿತ್ರಮಂದಿರದಲ್ಲಿ ಕುಳಿತು ಜನರ ಮುಖ ನೋಡುತ್ತಿದ್ದ ಮಕ್ಕಳಿಗೆ ಒಂದು ಸಂಗತಿ ಕಂಡಿತು. ಪೃಥ್ವಿರಾಜ್ ಕಪೂರ್ ಭೀಕರ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ಒಂದೇ ಒಂದು ದೃಶ್ಯದಲ್ಲಿ ಪ್ರೇಕ್ಷಕರು ಬೆಚ್ಚಿ ಖುಷಿಪಡುತ್ತಿದ್ದರು. ಹಾಗಿದ್ದರೆ ಇಡೀ ಚಿತ್ರವೇ ಹಾಗಿದ್ದರೇನು ಎಂದು ತಂದೆಯನ್ನು ಒಪ್ಪಿಸಿದರು. ಜೋಸೆಫ್ ಮಾಸ್ಕೆಲ್ಲಿ ಎಂಬ ಅಮೆರಿಕನ್ನನ ಛಾಯಾಗ್ರಹಣದ ಪುಸ್ತಕವನ್ನು ಓದಿ ಓದಿ ಅಣ್ಣತಮ್ಮಂದಿರು ಕೆಲಸ ಕಲಿತರು. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಸಂಕಲನ ಎಂದು ಹಂಚಿಕೊಂಡರು. ಮಹಾಬಲೇಶ್ವರದಲ್ಲಿ ಬೀಡುಬಿಟ್ಟು, ಮನೆಯವರೇ ಹೇಳುವ ಲೆಕ್ಕದಂತೆ ಮೂರೂವರೆ ಲಕ್ಷ ರೂಪಾಯಿಯಲ್ಲಿ ತೆಗೆದ ‘ದೋ ಗಜ್ ಜಮೀನ್ ಕೇ ನೀಚೇ’ 1972ರಲ್ಲಿ ಗೆದ್ದಿತು. 1984ರ ‘ಪುರಾನಾ ಮಂದಿರ್’ ವೇಳೆಗೆ ಅವರ ದೆವ್ವಕ್ಕೆ ಸಣ್ಣ ಊರುಗಳೇ ದೊಡ್ಡ ಮಾರುಕಟ್ಟೆ. ವಿಮರ್ಶಕರು ಮೂಗು ಮುರಿದರು. ಆದರೆ ಸಿನಿಮಾ ಮಾಡಲು ಶಾಲೆಗೆ ಹೋಗಬೇಕಿಲ್ಲ ಎಂಬ ಧೈರ್ಯವನ್ನು ಈ ಸೋದರರಷ್ಟು ಜನಕ್ಕೆ ಹಂಚಿದವರು ಕಡಿಮೆ ಎಂದೇ ನನ್ನ ಎಣಿಕೆ. ಕನ್ನಡದಲ್ಲಿ 1993ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಶ್!’ ಚಿತ್ರವಂತೂ ದೆವ್ವದ ಸಿನಿಮಾ ತೆಗೆಯುವ ತಂಡವನ್ನೇ ಕಥೆಯಾಗಿಸಿತು.

ಅಮೆರಿಕದಲ್ಲೂ ಇದೇ ಕಥೆ. 1978ರ ‘ಹ್ಯಾಲೊವೀನ್’ ಚಿತ್ರಕ್ಕೆ ದುಡ್ಡಿರಲಿಲ್ಲ. ಕಲಾ ನಿರ್ದೇಶಕ ಅಂಗಡಿಗೆ ಹೋಗಿ, ಟೀವಿ ಧಾರಾವಾಹಿಯ ನಾಯಕ ವಿಲಿಯಂ ಶಾಟ್ನರ್‌ನ ಮುಖದ ಅಗ್ಗದ ರಬ್ಬರ್ ಮುಖವಾಡ ತಂದು, ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ಹಿಗ್ಗಿಸಿದ. ನಿರ್ಮಾಪಕಿ ಅದನ್ನು ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದಳು. ಮುಂದಿನ ಭಾಗಕ್ಕೆಂದು ಹೊರತೆಗೆದಾಗ ಸಿಗರೇಟಿನ ಹೊಗೆಗೆ ಹಳದಿಯಾಗಿತ್ತಂತೆ.

ಇಂಥ ಊರಿನವರ ಸಿನಿಮಾಕ್ಕೆ ದಾಖಲೆ ಸಿಕ್ಕಿರುವುದು ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ. ಮಗ್ಗದ ಊರಾದ ಅಲ್ಲಿ ನಾಸಿರ್ ಶೇಖ್ ಎಂಬವರು ವಿಡಿಯೊ ಕ್ಯಾಮೆರಾದಿಂದ ‘ಮಾಲೆಗಾಂವ್ ಕೇ ಶೋಲೆ’ ತೆಗೆದರು. ಅವರ ತಂಡದ ಬಗ್ಗೆ 2008ರಲ್ಲಿ ಸಾಕ್ಷ್ಯಚಿತ್ರ ಬಂತು, ಈಚೆಗೆ ಹಿಂದಿ ಚಲನಚಿತ್ರವೂ ಬಂದಿದೆ. ದಾವಣಗೆರೆಯೂ ನೂಲಿನ ಊರೇ, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್. ಹತ್ತಿ ಗಿರಣಿಗಳ ಆ ಗದ್ದಲ ಅಡಗಿಹೋಗಿದೆ. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಈಗಿಲ್ಲ. ಹುಡುಗರು ದೆವ್ವವನ್ನು ಓಡಿಸಿದ ಬೀದಿಯ ಹಿಂದೆ ಗಿರಣಿಯ ಚಿಮಣಿಯೊಂದು ನಿಂತಿದ್ದರೆ, ಪಾಳಿ ಮುಗಿಸಿದವರು ಸೈಕಲ್ಲಿನಲ್ಲಿ ಹಾದುಹೋಗಿದ್ದರೆ, ಆ ಕ್ಯಾಸೆಟ್ಟಿನ ಬೆಲೆ ದೆವ್ವದಲ್ಲಿಲ್ಲ.

ಆದರೆ ಕಾಲ ಕಡಿಮೆಯಿದೆ. ಹಳೆಯ ಫಿಲ್ಮಿನ ಅಸಿಟೇಟ್ ಹಾಳೆ ಮರದ ನಾರಿನಿಂದ, ಹತ್ತಿಯಿಂದ ಆಗುವ ವಸ್ತು. ಹರಿಹರದಿಂದ ತುಂಗಭದ್ರೆ ದಾಟಿದರೆ ಸಿಗುವ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ರೇಯಾನ್‌ಗಾಗಿ ತೆಗೆಯುವ ತಿರುಳಿನ ದಾಯಾದಿ. ಸೆಖೆ, ತೇವ ತಾಗಿದರೆ ಅದು ಆಮ್ಲ ಬಿಡುತ್ತದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಬಂದರೆ ರೋಗ ಹತ್ತಿದೆ ಎಂದರ್ಥ. ವಿಡಿಯೊ ಟೇಪಿನಲ್ಲಿ ಕಾಂತಪುಡಿಯನ್ನು ಹಿಡಿದಿರುವ ಅಂಟು ತೇವಕ್ಕೆ ಸಡಿಲಾಗುತ್ತದೆ. ನೋಡುವ ಯಂತ್ರವನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೈಚೆಲ್ಲಿತು. ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಾವುದೋ ಹಳೆಯ ಪ್ಲೇಯರ್‌ಗೆ ತುರುಕಿ ನೋಡುವ ಆತುರ ಬೇಡ, ಒಂದೇ ಓಟಕ್ಕೆ ಟೇಪು ಕಿತ್ತುಹೋಗಬಹುದು. ಮೊದಲು ಟೇಪನ್ನು ಶುಚಿ ಮಾಡಿ ಡಿಜಿಟಲ್ ಪ್ರತಿ ತೆಗೆದುಕೊಡುವವರಿಗೆ ಒಪ್ಪಿಸಬೇಕು.

ಮುಖವಾಡದ ರಬ್ಬರಿಗೂ ಗಾಳಿ, ಬೆಳಕು ಶತ್ರುಗಳೇ. ಮೊದಲು ಅಂಟಂಟಾಗುತ್ತದೆ ಇಲ್ಲವೇ ಬಿರುಸಾಗುತ್ತದೆ, ಆಮೇಲೆ ಮೂಗಿನ ಬಳಿ ಬಿರುಕು ಬಿಡುತ್ತದೆ. ಮಡಿಸದೆ, ಒಳಗೆ ಮೆತ್ತಗಿನ ಕಾಗದ ತುಂಬಿ, ತಂಪಾದ ಕತ್ತಲೆಯಲ್ಲಿಡಿ. ರದ್ದಿ ಪೇಪರ್ ಮಾತ್ರ ತುಂಬಬೇಡಿ. ಅದರ ಆಮ್ಲವೂ ಶಾಯಿಯೂ ರಬ್ಬರಿಗೆ ಆಗದು. ಈ ಪುಟಕ್ಕೂ ಆ ಮಾತು ಅನ್ವಯಿಸುತ್ತದೆ.